ಮರದಿಂದ ಬಂದ ಪಾಸ್

ಸುಂಟಿಕೊಪ್ಪದ ಹತ್ತಿರ ಎಸ್ಟೇಟ್ ತೋರಿಸಲು ನಾನು ಜೀಪಿನಲ್ಲಿ ಕರೆದೊಯ್ದ ಅಮೆರಿಕದವನು ತನ್ನ ದೇಶದ, ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಫುಟ್‌ಬಾಲ್ ಆಡಿ ನಿವೃತ್ತನಾದವನು. ದೂರದಿಂದ ಎಸೆದ ಚೆಂಡನ್ನು ಓಡಿ ಹಿಡಿಯುವುದೇ ಅವನ ಕೆಲಸವಾಗಿತ್ತಂತೆ.

"ಅಷ್ಟಕ್ಕೇ ಸಂಬಳವಾ?" ಎಂದು ನಾನು ನಕ್ಕಿದ್ದೆ.

ಎಸ್ಟೇಟಿನಲ್ಲಿ ಕೆಲಸದ ಅಬ್ದುಲ್ಲ ಮರದ ಮೇಲಿಂದ ಬಟರ್ ಫ್ರೂಟ್ ಕಿತ್ತು ಕೆಳಗೆ ಬಿಡುತ್ತಿದ್ದ. ನೆಲಕ್ಕೆ ಬಿದ್ದರೆ ಹಣ್ಣು ಹಾಳು, ಅದಕ್ಕೇ ಕೆಳಗೆ ಇಬ್ಬರು ಗೋಣಿ ಹಿಡಿದು ನಿಂತಿದ್ದರು. ದೊಡ್ಡದೊಂದು ಹಣ್ಣು ಕೊಂಬೆಗೆ ತಾಗಿ ಆಚೆ ಹಾರಿತು. ನನ್ನ ಪಕ್ಕದಲ್ಲಿದ್ದ ಅಮೆರಿಕದವನು ಕಾಫಿ ಗಿಡಗಳ ನಡುವೆ ನುಗ್ಗಿ, ಜಿಗಿದು, ಒಂದೇ ಕೈಯಲ್ಲಿ ಹಿಡಿದುಬಿಟ್ಟ. ಕೆಲಸದವರೆಲ್ಲ ಶಿಳ್ಳೆ ಹೊಡೆದರು.

ಶಿಳ್ಳೆ ಕೇಳಿ ಅವನಿಗೆ ಹಳೆಯ ಮೈದಾನ ನೆನಪಾಯಿತೇನೋ, ಅವರ ಆಟದಲ್ಲಿ ಅಂಕ ಗಳಿಸಿದ ಖುಷಿಗೆ ಚೆಂಡನ್ನು ಅಪ್ಪಳಿಸುವ ಹಾಗೆ ಹಣ್ಣನ್ನು ನೆಲಕ್ಕೆ ಅಪ್ಪಳಿಸಿದ.

ಮೇಲಿಂದ ಅಬ್ದುಲ್ಲ, "ಬಿಸಾಡೋದಾದ್ರೆ ಹಿಡಿದದ್ದು ಯಾಕಂತೆ?" ಎಂದ.

ಏನಂದ ಅಂತ ಅಮೆರಿಕದವನು ನನ್ನ ಮುಖ ನೋಡಿದ.

"ನಿಮಗೆ ಸಂಬಳ ಕೊಟ್ಟದ್ದು ಸರಿ ಅಂತಿದಾನೆ," ಎಂದೆ.