ಹುಚ್ಚಕ್ಕನ ಮಜ್ಜಿಗೆ

ಸೋತವನಿಗೆ ಒಂದು ಕಾರಣ ಬೇಕು. ಧರ್ಮಪುರದ ಕಡೆಯ ಕುರಿಗಾಹಿ ಜುಂಜಣ್ಣನಿಗೆ ಅದು ಚಿತ್ರದುರ್ಗದ ಮೈದಾನ ಬಿಡುವ ಮೊದಲೇ ಸಿಕ್ಕಿತ್ತು. ಸೋದರತ್ತೆ ಕೊಟ್ಟ ಮಜ್ಜಿಗೆ!

ಎಪ್ಪತ್ತಮೂರನೇ ಇಸವಿ ಗಣರಾಜ್ಯೋತ್ಸವದ ಆರು ಮೈಲಿ ಓಟದಲ್ಲಿ ಐದು ಮೈಲಿವರೆಗೂ ಮುಂದಿದ್ದವನು ಅವನೇ. ಕೊನೆಯ ಮೈಲಿಯಲ್ಲಿ ಕಾಲು ಸೋತುಹೋದವು, ಉಸಿರು ಕಟ್ಟಿತು, ಆರು ಜನ ದಾಟಿಕೊಂಡು ಹೋದರು. ಓಟಕ್ಕೆ ಮುಂಚೆ, ಮೈದಾನದ ಪಕ್ಕದ ಬೇವಿನ ಮರದಡಿ ಮಜ್ಜಿಗೆ ಮಾರುವ ಅತ್ತೆ ಹುಚ್ಚಕ್ಕ, "ಇವ್ನು ನಮ್ಮಣ್ಣನ ಮಗ" ಎಂದು ಎಲ್ಲರಿಗೂ ತೋರಿಸಿ ಒಂದು ಚೊಂಬು ಕುಡಿಸಿದ್ದಳು. ಎರಡು ವರ್ಷದ ಹಿಂದೆ ಅವಳ ಮಗಳನ್ನು ಇವನು ಒಲ್ಲೆ ಅಂದಿದ್ದ. ಇನ್ನೇನು ಬೇಕು? ಮದ್ದು ಹಾಕಿದ್ದಾಳೆ! ಉಣ್ಣುವುದರಲ್ಲಿ ಗುಟ್ಟಾಗಿ ಬೆರೆಸಿ ಮನುಷ್ಯನನ್ನು ಒಣಗಿಸುವ ಮದ್ದಿನ ಮಾತು ನಮ್ಮ ಸೀಮೆಯಲ್ಲಿ ಯಾರಿಗೆ ಗೊತ್ತಿಲ್ಲ? ಚೊಂಬನ್ನು ಎರಡು ಸಲ ತೊಳೆದದ್ದು ಯಾಕೆ? ಕೊನೆಯ ಗುಟುಕಿನವರೆಗೂ ನೋಡುತ್ತ ನಿಂತದ್ದು ಯಾಕೆ? ನೆನೆದಷ್ಟೂ ಅನುಮಾನ ಬಲಿಯಿತು.

ಮಾಡದಕೆರೆ ಕಡೆ ಮದ್ದು ಕಕ್ಕಿಸುವವನೊಬ್ಬನಿದ್ದ. ಎಂಥದೋ ಸೊಪ್ಪಿನ ರಸ ಕುಡಿಸಿ ಮೂರು ಸಲ ವಾಂತಿ ಮಾಡಿಸಿ, ಅದರಲ್ಲಿದ್ದ ಕರಿ ಗಂಟೊಂದನ್ನು ಕಡ್ಡಿಯಿಂದ ತೋರಿಸಿದ. ನನ್ನನ್ನು ಕೇಳಿದರೆ ಅದು ಬೆಳಿಗ್ಗೆ ತಿಂದ ರಾಗಿಮುದ್ದೆ. ಆದರೆ ನನ್ನನ್ನು ಕೇಳಿದವರು ಯಾರು? ವಾಪಸು ಬರುವಾಗ ಬಸ್ಸಿನಲ್ಲಿ ಜುಂಜಣ್ಣ ಪಕ್ಕದ ಸೀಟಿನವನಿಗೆ ಅತ್ತೆಯ ಹೆಸರು ಸಮೇತ ಹೇಳಿಕೊಂಡ. ಹಿರಿಯೂರು ಬರುವಷ್ಟರಲ್ಲಿ ಅದು ಬಸ್ಸಿಗೆಲ್ಲ ಗೊತ್ತಾಗಿತ್ತು.

ಆಮೇಲೆ ಅವನು ಓಡುವುದನ್ನೇ ಬಿಟ್ಟ. ಕುರಿಮಂದೆಯ ಮುಂದೆ ಅಣ್ಣ ಯತ್ತಪ್ಪ, ಹಿಂದೆ ಇವನು. ಚಿಕ್ಕಂದಿನಿಂದ ಹಾಗೇ. ಹಿಂದಿನವನ ಕೆಲಸವೇ ಅನುಮಾನ ಪಡುವುದು. ಪೊದೆ ಅಲ್ಲಾಡಿದರೆ ತೋಳ, ದಾರಿಹೋಕ ನಿಂತರೆ ಕಳ್ಳ.

ಮಳೆಗಾಲದಲ್ಲಿ ಯತ್ತಪ್ಪನ ಹಿಮ್ಮಡಿಗೆ ಮುಳ್ಳು ಮುರಿಯಿತು. ಅವನು ಕುಂಟುತ್ತ ಹಿಂದುಳಿದ, ಜುಂಜಣ್ಣ ಮುಂದಾದ. ಇಪ್ಪತ್ತು ಹೆಜ್ಜೆಗೊಮ್ಮೆ ತಿರುಗಿ ನೋಡುವನು. ಅವನು ತಿರುಗಿದಾಗಲೆಲ್ಲ ಮಂದೆ ನಿಲ್ಲುವುದು, ನಿಂತ ಕುರಿ ಪಕ್ಕದ ಕಡಲೆಕಾಯಿ ಹೊಲಕ್ಕೆ ನುಗ್ಗುವುದು.

"ಲೇ ಜುಂಜಾ, ಮುಂದಿರೋನು ಹಿಂದಕ್ಕೆ ನೋಡಬಾರ್ದು ಕಣ್ಲಾ!" ಯತ್ತಪ್ಪ ಕೂಗಿದ. "ಹಿಂದೆ ನಾನಿಲ್ವಾ? ದುರ್ಗದಾಗೂ ಹಿಂಗೇ ಕತ್ತು ತಿರುಗಿಸ್ಕೊಂಡು ಓಡಿದ್ಯಾ?"

ಜುಂಜಣ್ಣ ಬದುವಿನ ಮೇಲೆ ಕುಸಿದು ಕೂತ. ಹೌದು, ಕೊನೆಯ ಮೈಲಿಯಲ್ಲಿ ತಿರುವಿಗೊಮ್ಮೆ ತಿರುಗಿ ನೋಡಿದ್ದ. ನೋಡಿದಾಗಲೆಲ್ಲ ಯಾರೋ ಬರುತ್ತಿದ್ದರು, ಹೆದರಿ ಕಿತ್ತೋಡಿದ, ಉಸಿರು ಕಳೆದುಕೊಂಡ, ಮತ್ತೆ ತಿರುಗಿದ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಾಚಿಕೆಯಿಂದ ಅವನಿಗೆ ಮುಖ ಎತ್ತಲಾಗಲಿಲ್ಲ.

"ಅತ್ತೆ ಮಜ್ಜಿಗೆ ಮಾರೋದು ಬಿಟ್ಟು ಮಡಕೆ ಮಗುಚಿಟ್ಟವ್ಳಂತೆ," ಯತ್ತಪ್ಪ ಮೆಲ್ಲಗೆ ಹೇಳಿದ. "ಅವಳ ಕೈ ನೀರೂ ಯಾರೂ ಮುಟ್ಟಲ್ವಂತೆ."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಈಗ ಹೋಗಿ ತಪ್ಪಾಯಿತು ಅಂದರೆ, ಇನ್ನೊಂದು ಮದ್ದು ಹಾಕಿ ಹಾಗೆ ಹೇಳಿಸಿದ್ದಾಳೆ ಅನ್ನುತ್ತಾರೆ ಜನ. ಉಳಿದದ್ದು ಒಂದೇ ದಾರಿ. ಅದೇ ಮಜ್ಜಿಗೆ ಎಲ್ಲರೆದುರು ಕುಡಿದು, ಅದೇ ಓಟ ಗೆಲ್ಲಬೇಕು.

ದಿನಾ ಬೆಳಗಾಗುತ್ತಲೇ ಧರ್ಮಪುರದ ರಸ್ತೆಗೆ ಬಿದ್ದ. ಮಳೆಗೆ ಹಾಕುವಂತೆ ಕಂಬಳಿಯನ್ನು ತಲೆಯ ಮೇಲೆ ಕೊಪ್ಪೆ ಹಾಕಿಕೊಂಡು ಓಡುವನು. ಅದರೊಳಗಿಂದ ಮುಂದಿನ ದಾರಿಯೊಂದು ಬಿಟ್ಟರೆ ಏನೂ ಕಾಣದು. ಹುಚ್ಚು ಹಿಡಿದಿದೆ ಅಂದರು. ಅವನು ಯಾರ ಮಾತಿಗೂ ನಿಲ್ಲಲಿಲ್ಲ.

ಮರುವರ್ಷ ಓಟದ ದಿನ ಬೇವಿನ ಮರದಡಿ ಯಾರೂ ಇರಲಿಲ್ಲ. ಅತ್ತೆಯ ಮನೆಗೆ ಹೋದ. ಹುಚ್ಚಕ್ಕ ಅವನನ್ನು ಮೇಲಿಂದ ಕೆಳಗೆ ನೋಡಿದಳು.

"ಇನ್ನೊಂದ್ಸಾರಿ ಹೆಸರು ಕೆಡಿಸಾಕೆ ಬಂದ್ಯಾ? ಯಾರು ಕಳಿಸಿದ್ರು?"

"ಯಾರೂ ಇಲ್ಲತ್ತೆ. ತಪ್ಪು ನಂದೇ. ಮಡಕೆ ತಗೊಂಡು ಮರದ ತಾವ ಬಾ."

"ಕುಡ್ದು ಸೋತ್ರೆ ನಾನು ಊರು ಬಿಡಬೇಕಾಗ್ತೈತೆ ಕಣೋ." ಆದರೂ ಮಡಕೆ ಎತ್ತಿಕೊಂಡಳು.

ಮರದಡಿ ಜನ ಸೇರಿದರು, ಯಾರೂ ಹತ್ತಿರ ಬರಲಿಲ್ಲ. ಅತ್ತೆ ಮೊದಲು ತಾನೊಂದು ಗುಟುಕು ಕುಡಿದು ಚೊಂಬು ಕೊಟ್ಟಳು. ತುಟಿಗೆ ಇಟ್ಟಾಗ, ನಾಚಿಕೆಗೇಡು ನೋಡಿ, ಅವನ ಮೂಗು ತಾನಾಗೇ ವಾಸನೆ ಹಿಡಿಯಿತು. ಒಗ್ಗರಣೆಯ ಇಂಗೋ, ಇನ್ನೇನೋ? ಕಣ್ಣು ಮುಚ್ಚಿ ಚೊಂಬು ಖಾಲಿ ಮಾಡಿದ.

ಐದು ಮೈಲಿ ಮುಗಿಯುವಾಗ ಮುಂದೆ ಯಾರೂ ಇರಲಿಲ್ಲ. ಹಿಂದೆ ಹೆಜ್ಜೆ ಸದ್ದು ಕೇಳಿಸಿತು. ಬಾಯಿಗೆ ಮಜ್ಜಿಗೆಯ ತೇಗು ಬಂತು. ಇದು ಇಂಗೋ, ಮದ್ದೋ? ಕತ್ತು ತಾನಾಗೇ ತಿರುಗಲು ನೋಡಿತು. ಅವನು ಹಲ್ಲು ಕಚ್ಚಿ ದಾರಿಯನ್ನೇ ನೋಡುತ್ತ ಓಡಿದ.

ಗೆಲುವಿನ ದಾರ ಎದೆಗೆ ತಾಗಿದ ಮೇಲೂ ನಿಲ್ಲದೆ ನೇರ ಬೇವಿನ ಮರಕ್ಕೆ ಬಂದ. ಹುಚ್ಚಕ್ಕ ಸೆರಗಿನಲ್ಲಿ ಕಣ್ಣು ಒರೆಸುತ್ತಿದ್ದಳು.

"ಎರಡನೇಯವ್ನು ಯಾರ್ಲಾ?"

"ಗೊತ್ತಿಲ್ಲತ್ತೆ. ನೋಡ್ಲಿಲ್ಲ."

ಅಷ್ಟರಲ್ಲಿ ಅವನ ಬೆನ್ನ ಹಿಂದೆ ಯಾರೋ ಏದುಸಿರು ಬಿಡುತ್ತ, "ಅಮ್ಮಾ, ನಂಗೂ ಒಂದು ಚೊಂಬು ಕೊಡ್ರಿ," ಅಂದರು. ಎರಡನೆಯವನೇ ಇರಬೇಕು. ಜುಂಜಣ್ಣ ಆಗಲೂ ತಿರುಗಿ ನೋಡಲಿಲ್ಲ. ಚೊಂಬನ್ನು ಎರಡು ಸಲ ತೊಳೆಯುತ್ತಿದ್ದ ಅತ್ತೆಯ ಕೈಯನ್ನೇ ನೋಡುತ್ತಿದ್ದ.