ಚಪ್ಪರದ ಬಾಳೆ ಕಡಿದ ಬೀಗರು

ಅರಕಲಗೂಡಿನ ನಮ್ಮ ಪೇಟೆಬೀದಿಯಲ್ಲಿ ಆಗೆಲ್ಲ ಒಂದು ಮನೆಯಲ್ಲಿ ಮದುವೆ ಅಂದರೆ ಬೀದಿಗೆ ಬೀದಿಯೇ ಹಪ್ಪಳ ಒತ್ತುತ್ತಿತ್ತು. ಯಾರ ಅಂಗಳದಲ್ಲಿ ನೋಡಿದರೂ ಹಳೇ ಪಂಚೆಯ ಮೇಲೆ ಸಂಡಿಗೆ ಒಣಗುತ್ತಿತ್ತು. ಕಾಗೆ ಓಡಿಸಲು ನಮ್ಮಂಥ ಮಕ್ಕಳನ್ನು ಕೂರಿಸುತ್ತಿದ್ದರು. ನಾವು ಕಾಗೆಗಿಂತ ಹೆಚ್ಚು ತಿನ್ನುತ್ತಿದ್ದೆವು. ಅರ್ಧ ಒಣಗಿದ ಸಂಡಿಗೆಯ ಆ ಇಂಗು, ಹಸಿಮೆಣಸಿನಕಾಯಿ, ನಿಂಬೆಹುಳಿಯ ರುಚಿ ಕಂಡವರಿಗೆ ಕರಿದ ಸಂಡಿಗೆ ಯಾತಕ್ಕೂ ಬೇಡ. ನಯಾಪೈಸೆ ಬಂದು ನಾಲ್ಕೈದು ವರ್ಷವಾಗಿದ್ದ ಬೇಸಿಗೆ ಅದು. ನಾನು ನಾಲ್ಕನೇ ಕ್ಲಾಸು ಮುಗಿಸಿದ್ದೆ. ಆ ಸಲ ಹಪ್ಪಳ, ಸಂಡಿಗೆ ಎಲ್ಲ ನಮ್ಮ ಮನೆಗೇ. ನಮ್ಮ ಗಿರಿಜತ್ತೆಯ ಮದುವೆ.

ಗಿರಿಜತ್ತೆ ನನ್ನ ಅಪ್ಪನ ತಂಗಿ, ಹೆಣ್ಣುಮಕ್ಕಳ ಪ್ರೈಮರಿ ಸ್ಕೂಲಿನಲ್ಲಿ ಮೇಡಂ. ಗಂಡು, ಹೈಸ್ಕೂಲಿನ ಡ್ರಿಲ್ ಮೇಷ್ಟ್ರು ಬೋಪಯ್ಯ, ಮಡಿಕೇರಿಯ ಆಚೆಯ ಕೊಡವರ ಹುಡುಗ. ನಾವು ಲಿಂಗವಂತರು. ನಮ್ಮ ತಾತನದು ತಾಮ್ರ ಹಿತ್ತಾಳೆಯ ಪಾತ್ರೆ ಅಂಗಡಿ. ಬೆಳಿಗ್ಗೆ ಲಿಂಗಪೂಜೆ ಆಗದೆ ಒಂದು ತೊಟ್ಟು ಕಾಫಿ ಕುಡಿಯದ ಮನುಷ್ಯ. ಅಂಥವರ ಮಗಳಿಗೂ ಹಂದಿ ಬೇಟೆಯಾಡುವವರ ಮಗನಿಗೂ ಹೇಗೆ ಗಂಟುಬಿತ್ತೋ ನನಗೆ ಗೊತ್ತಿಲ್ಲ. ನನ್ನ ಕೈಲಿ ಎರಡು ಸಲ ಮೇಷ್ಟ್ರು ಅತ್ತೆಗೆ ಪುಸ್ತಕ ಕೊಟ್ಟು ಕಳಿಸಿದ್ದರು, ಅಷ್ಟು ಗೊತ್ತು. ಸರ್ಕಾರ ಕೊಡಗನ್ನು ಮೈಸೂರಿಗೆ ಸೇರಿಸಿ ಆಗಿತ್ತು. ನಮ್ಮ ಮನೆಗೆ ಸೇರಿಸುವುದೇ ಕಷ್ಟವಾಗಿದ್ದು.

ಅತ್ತೆ ಒಂದು ದಿನ ತಾತನ ಎದುರು ನಿಂತು ಹೇಳಿಯೇಬಿಟ್ಟಳು. ತಾತ ಎಂಟು ದಿನ ಯಾರ ಹತ್ತಿರವೂ ಮಾತಾಡಲಿಲ್ಲ. ಒಂಬತ್ತನೇ ದಿನ ಅತ್ತೆಯನ್ನು ಕರೆದರು. ನಾನು ಅಲ್ಲೇ ಕಂಬದ ಹತ್ತಿರ ಅಳಗುಳಿಮಣೆ ಇಟ್ಟುಕೊಂಡು ಕೂತಿದ್ದೆ.

"ಆಗ್ಲಿ ಕಣವ್ವ, ಒಪ್ಪಿದೀನಿ. ಆದ್ರೆ ಚಪ್ಪರದಡಿ ಒಂದು ಅಪಶಕುನ ಆಯ್ತು ಅಂದ್ರೆ ನಾನು ಧಾರೆಗೆ ಕುಂತ್ಕಳಾಕಿಲ್ಲ. ಆಮೇಲೆ ನನ್ನ ಕೇಳ್ಬ್ಯಾಡ."

ಅತ್ತೆ ತಲೆಯಾಡಿಸಿದಳು. ತಾತ ಧಾರೆ ಎರೆಯದಿದ್ದರೆ ಆ ಮದುವೆ ಇಲ್ಲ ಅನ್ನುವುದು ನನಗೂ ಅರ್ಥವಾಯಿತು.

ಯುಗಾದಿ ಕಳೆದ ಮೇಲೆ ಮಾತುಕತೆಗೆ ಅಂತ ಗಂಡಿನ ಸೋದರಮಾವ ಮಾಚಯ್ಯನವರು ಬಂದರು. ಬಾಗಿಲಿಗೆ ಬಗ್ಗಿ ಬರಬೇಕಾದ ಆಳು, ಬಿಳಿ ಮೀಸೆ. ಕುಶಾಲನಗರದಿಂದ ರಾಮನಾಥಪುರದಲ್ಲಿ ಬಸ್ಸು ಬದಲಿಸಿ ಬಂದಿದ್ದರು. ಜಗಲಿಯಲ್ಲಿ ಈ ಕಡೆ ತಾತ, ಆ ಕಡೆ ಅವರು, ನಡುವೆ ಶಾಸ್ತ್ರಗಳ ಪಟ್ಟಿ ಬರೆಯಲು ನೋಟುಪುಸ್ತಕ ಹಿಡಿದ ನಮ್ಮಪ್ಪ. ನಮ್ಮ ಕಡೆ ಅಯ್ಯನವರು ಬಂದು ಐದು ಕಳಶ ಇಟ್ಟು ಮದುವೆ ಮಾಡಿಸಬೇಕು. ಅವರ ಕಡೆ ಪುರೋಹಿತರೇ ಇಲ್ಲವಂತೆ, ಹಿರಿಯರು ಒಬ್ಬೊಬ್ಬರಾಗಿ ಬಂದು ಅಕ್ಕಿ ಹಾಕಿ, ಹಾಲು ಕುಡಿಸಿ ಹರಸಿದರೆ ಆಯಿತಂತೆ. ಸರಿ, ಮೊದಲು ಅಯ್ಯನವರು, ಆಮೇಲೆ ಹಿರಿಯರು ಅಂತಾಯಿತು. ಗಂಡಿಗೆ ಸೊಂಟದಲ್ಲಿ ಕತ್ತಿ ಇಲ್ಲದಿದ್ದರೆ ಅವನು ಗಂಡೇ ಅಲ್ಲವಂತೆ. ಕಳಶದ ಮುಂದೆ ಆಯುಧ ಯಾಕೆ ಅಂತ ತಾತ. ಕಡೆಗೆ ಕತ್ತಿ ಇರಲಿ, ಒರೆಯಿಂದ ಹೊರಗೆ ಬರಬಾರದು ಅಂತ ಬರೆದುಕೊಂಡರು. ಅವರ ಹೆಂಗಸರು ಸೀರೆಯ ನೆರಿಗೆಯನ್ನು ಹಿಂದುಗಡೆ ಇಡುತ್ತಾರೆ ಅಂದಾಗ ಒಳಗಿನಿಂದ ನಮ್ಮಜ್ಜಿ, ಹಾಗಾದರೆ ನಡೆಯುವುದು ಹಿಂದುಮುಂದಾಗಿಯೋ ಅಂತ ಕೇಳಿ ಎಲ್ಲರನ್ನೂ ನಗಿಸಿದಳು. ಧಾರೆಗೆ ನಮ್ಮ ರೀತಿ, ಹೊರಡುವಾಗ ಅವರ ರೀತಿ ಅಂತಾಯಿತು. ಮಾಂಸ, ಮದ್ಯ ಎರಡೂ ಊರೊಳಗೇ ಬರಕೂಡದು ಅಂದರು ತಾತ. ಮಾಚಯ್ಯನವರು, ಒಂದು ದಿನದ ಉಪವಾಸ ತಾನೇ, ಮಾಡುವ ಅಂದರು. ತನ್ನ ಒಬ್ಬಟ್ಟನ್ನು ಉಪವಾಸ ಅಂದರಲ್ಲ ಅಂತ ಅಜ್ಜಿಗೆ ಸಂಜೆಯವರೆಗೂ ಸಿಟ್ಟು.

ಆಮೇಲೆ ತಾತ ಎದೆಯ ಮೇಲಿನ ಲಿಂಗದ ಕರಡಿಗೆ ಮುಟ್ಟಿಕೊಂಡು ಕೇಳಿದರು. "ನನ್ನ ಮಗಳ ಕೊರಳಲ್ಲಿ ಲಿಂಗ ಐತೆ. ಅದನ್ನ ನೀವು ತೆಗೆಸ್ತೀರಾ?"

"ಮನೆಗೆ ಬರುವ ಹೆಣ್ಣಿಗೆ ನಾವು ಹಾಕುದು ಉಂಟು, ತೆಗೆಯುದು ಇಲ್ಲ," ಅಂದರು ಮಾಚಯ್ಯ.

ತಾತ ಆ ಮಾತಿಗೆ ಕೈ ಮುಗಿದುಬಿಟ್ಟರು. ಕಡೆಗೆ ಮಾಚಯ್ಯನವರು, ನಿಮ್ಮದಕ್ಕೆಲ್ಲ ಒಪ್ಪಿದೆವು, ನಮ್ಮದು ಒಂದೇ ಒಂದು, ಬಾಳೆ ನೆಟ್ಟು ನಮ್ಮನ್ನು ಎದುರುಗೊಳ್ಳಬೇಕು ಅಂದರು. ತಾತನಿಗೆ ಹಾಲು ಕುಡಿದಷ್ಟು ಸಂತೋಷ. ಬಾಳೆಕಂಬ ಇಲ್ಲದ ಚಪ್ಪರ ಎಲ್ಲಾದರೂ ಉಂಟೇ, ಹೊಳೆನರಸೀಪುರದ ನೆಂಟರ ತೋಟದಿಂದ ಗೊನೆ ಸಮೇತ ತರಿಸುತ್ತೇನೆ ಅಂದರು. ಗೊನೆ ಎಲ್ಲ ಯಾತಕ್ಕೆ ಅಂತ ಮಾಚಯ್ಯ ಸಂಕೋಚಪಟ್ಟರು. ನಮ್ಮಪ್ಪ 'ಬಾಳೆ' ಅಂತ ಬರೆದು ಕೆಳಗೆ ಗೆರೆ ಎಳೆದರು.

ಅವರು ಬಾಳೆಯನ್ನೇ ಯಾಕೆ ಕೇಳಿದರು ಅಂತ ನನಗೆ ಕುತೂಹಲ. ಮಾರನೇ ದಿನ ಹೈಸ್ಕೂಲು ಮೈದಾನದಲ್ಲಿ ಮೇಷ್ಟ್ರನ್ನೇ ಕೇಳಿದೆ. ಅವರು ಕೈಲಿದ್ದ ಬೆತ್ತ ಬೀಸಿ ತೋರಿಸಿದರು. ಅವರಲ್ಲಿ ಬೀಗರ ಮನೆಯವರು ಬಾಳೆ ನೆಟ್ಟಿರುತ್ತಾರಂತೆ. ಬಂದವರು ಅದಕ್ಕೆ ನಮಸ್ಕಾರ ಮಾಡಿ, ಬೆನ್ನಿನ ಕತ್ತಿ ಸೆಳೆದು, ಒಂದೊಂದನ್ನು ಒಂದೊಂದೇ ಏಟಿಗೆ ಕಡಿಯುತ್ತಾರಂತೆ. ಮೂರು ಬಾಳೆ. ಅದು ಹೆಣ್ಣಿನ ಮನೆಗೆ ತೋರುವ ಮರ್ಯಾದೆಯಂತೆ. ಮಾಚಯ್ಯ ಮಾವ ಎರಡನೇ ಏಟು ಹಾಕಿದ್ದೇ ಇಲ್ಲವಂತೆ.

ಹೇಳಬೇಕು ಅಂತ ಒಂದೇ ಉಸಿರಿಗೆ ಮನೆಗೆ ಓಡಿದೆ. ತಾತ ಜಗಲಿಯಲ್ಲಿ ಅಪ್ಪನ ಮೇಲೆ ರೇಗುತ್ತಿದ್ದರು. ಸೊಂಟದ ಕತ್ತಿಗೆ ಒಪ್ಪಿದ್ದೇ ಹೆಚ್ಚು, ಇನ್ನೊಂದು ಸಲ ಕತ್ತಿಯ ಮಾತು ಬಂದರೆ ಈ ಮದುವೆಯೇ ಬೇಡ ಅನ್ನುತ್ತಿದ್ದರು. ನನ್ನ ಬಾಯಿ ಅಲ್ಲೇ ಕಟ್ಟಿಹೋಯಿತು. ಅತ್ತೆಯ ಮದುವೆ ನಿಂತೀತು ಅನ್ನುವ ಭಯ ಒಂದು. ಇನ್ನೊಂದು, ನಿಜ ಹೇಳುತ್ತೇನೆ, ಅದನ್ನು ಪಟ್ಟಿಯಿಂದ ಹೊಡೆದುಹಾಕಿಬಿಟ್ಟರೆ ನನಗೆ ನೋಡಲು ಸಿಗುವುದಿಲ್ಲವಲ್ಲ ಅನ್ನುವ ಆಸೆ. ಆಸೆಯೇ ದೊಡ್ಡದಾಗಿತ್ತು. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅನ್ನುತ್ತಾರೆ. ನಾನು ಸುಳ್ಳೇನೂ ಹೇಳಲಿಲ್ಲ, ಒಂದು ನಿಜ ನುಂಗಿಕೊಂಡೆ, ಅಷ್ಟೇ.

ಮದುವೆಯ ದಿನ ಬೆಳಿಗ್ಗೆ ಚಪ್ಪರದ ಬಾಗಿಲಿನ ಎರಡೂ ಕಡೆ ಎರಡೆರಡು ಬಾಳೆಕಂಬ ಗೊನೆ ಹೊತ್ತು ನಿಂತಿದ್ದವು. ಕಡಿಯುವುದಕ್ಕೆ ಅಂತ ಬೇರೆ ಬಾಳೆ ಎಲ್ಲೂ ನೆಟ್ಟಿರಲಿಲ್ಲ. ಚಪ್ಪರವನ್ನು ಎರಡು ಸುತ್ತು ಹಾಕಿ ಹುಡುಕಿದೆ. ಆದರೂ ದೊಡ್ಡವರಿಗೆ ಗೊತ್ತಿರುತ್ತೆ ಬಿಡು ಅಂತ ಸಮಾಧಾನ ಮಾಡಿಕೊಂಡೆ. ಚನ್ನರಾಯಪಟ್ಟಣದಿಂದ ತಾತನ ಅಣ್ಣ ಬಂದು ಕೈಕಟ್ಟಿ ಕೂತಿದ್ದರು. ಈ ಸಂಬಂಧ ಬೇಡ ಅಂತ ಮೂರು ಕಾಗದ ಬರೆದಿದ್ದವರು ಅವರು. ಏನು ಎಡವಟ್ಟಾಗುತ್ತೆ ಅಂತ ಕಾಯುವುದಕ್ಕೇ ಬಂದ ಹಾಗಿತ್ತು.

ಎಂಟು ಗಂಟೆಗೆ ಗಂಡಿನವರ ವ್ಯಾನು ಬಂತು. ಡೋಲು, ಕೊಂಬು. ಮೇಷ್ಟ್ರು ಬಿಳಿಯ ಉದ್ದ ಅಂಗಿ, ಕೆಂಪು ರೇಷ್ಮೆಯ ನಡುಕಟ್ಟಿನಲ್ಲಿ ರಾಜನ ಹಾಗಿದ್ದರು. ಉಳಿದ ಗಂಡಸರೆಲ್ಲ ಕಪ್ಪಂಗಿ. ಬೀದಿಯ ಜನ ಜಗಲಿ ಹತ್ತಿ ನೋಡುತ್ತಿದ್ದರು. ಮಾಚಯ್ಯನವರು ಮುಂದೆ ಬಂದು, ಚಪ್ಪಲಿ ಬಿಟ್ಟು ಬಾಳೆಕಂಬಕ್ಕೆ ಕೈ ಮುಗಿದರು. ಆಮೇಲೆ ತಾತನಿಗೆ ಮುಗಿದರು. ಎಷ್ಟು ಸಂಪ್ರದಾಯಸ್ಥರು ಅಂತ ತಾತ ಹಿಗ್ಗಿ ತಿರುಗಿ ಕೈ ಮುಗಿದರು. ಮಾಚಯ್ಯ ಬೆನ್ನಿಗೆ ಸಿಕ್ಕಿಸಿದ್ದ ಅಗಲವಾದ ಕತ್ತಿ ಸೆಳೆದರು.

ಮೊದಲನೆಯದು ಬಿದ್ದಾಗ ನಮ್ಮವರಿಗೆ ಏನಾಯಿತು ಅಂತಲೇ ಗೊತ್ತಾಗಲಿಲ್ಲ. ಗೊನೆ ರಂಗೋಲಿಯ ಮೇಲೆ ದೊಪ್ಪನೆ ಬಿತ್ತು. ಎರಡನೆಯದು ಬಿದ್ದಾಗ ಹೆಂಗಸರು ಬಾಯಿಗೆ ಸೆರಗು ಹಚ್ಚಿದರು. ಮೂರನೆಯದಕ್ಕೆ ಓಲಗದವನು ಊದುವುದನ್ನೇ ಬಿಟ್ಟ. ಗಂಡಿನ ಕಡೆಯವರು ಹೋ ಅಂತ ಕೂಗಿ ಸಂಭ್ರಮಪಟ್ಟು, ನಮ್ಮ ಮುಖಗಳನ್ನು ನೋಡಿ ನಿಧಾನವಾಗಿ ಸುಮ್ಮನಾದರು. ನಾಲ್ಕನೇ ಬಾಳೆ ಒಂದೇ ನಿಂತಿತ್ತು.

"ನಾ ಏಳಿರ್ನಿಲ್ವಾ," ಅಂದರು ಚನ್ನರಾಯಪಟ್ಟಣದ ದೊಡ್ಡತಾತ.

ನಮ್ಮ ತಾತ ಒಳಗೆ ಹೋಗಿ ಪೂಜೆಕೋಣೆಯ ಅಗುಳಿ ಹಾಕಿಕೊಂಡರು. ಮುಹೂರ್ತಕ್ಕೆ ಒಂದೂವರೆ ಗಂಟೆ ಇತ್ತು.

ಅಪ್ಪ ಬಾಗಿಲು ಬಡಿದರು, ಅಯ್ಯನವರು ಕರೆದರು, ಉಹೂಂ. ಕಡೆಗೆ ಅತ್ತೆಯೇ ಅರಿಶಿನದ ಮೈಯಲ್ಲಿ ಬಂದು ಬಾಗಿಲಿಗೆ ಹಣೆ ಹಚ್ಚಿ ನಿಂತಳು. "ಅಪ್ಪಯ್ಯ, ಲಿಂಗ ಕಟ್ಕಂಡೋರು ಶಕುನ ನೋಡ್ಬಾರ್ದು ಅಂತ ನೀವೇ ಅಲ್ವಾ ನಂಗೆ ಹೇಳ್ಕೊಟ್ಟಿದ್ದು?" ಅತ್ತೆ ಅಳಲಿಲ್ಲ, ಹಚ್ಚಿದ ಹಣೆ ತೆಗೆಯಲೂ ಇಲ್ಲ. ಅದನ್ನು ನೋಡಿ ನನಗೆ ತಡೆಯಲಾಗಲಿಲ್ಲ.

"ತಾತ, ನಂಗೆ ಗೊತ್ತಿತ್ತು," ಅಂದೆ. "ಮೇಷ್ಟ್ರು ಏಳಿದ್ರು. ಅದು ನಮ್ಗೆ ಮರ್ಯಾದೆ ಮಾಡಾದಂತೆ. ನೀವು ಬ್ಯಾಡ ಅಂದ್ಬುಡ್ತೀರಿ ಅಂತ ನಾ ಏಳ್ನಿಲ್ಲ."

ಅಮ್ಮ ನನ್ನ ಬೆನ್ನಿಗೆ ಒಂದು ಗುದ್ದು ಹಾಕಿದಳು. ಒಳಗೆ ತಾತ ಕೆಮ್ಮಿದರು. ಬಾಗಿಲು ತೆರೆಯಲಿಲ್ಲ. ನನ್ನಿಂದ ಅತ್ತೆಯ ಮದುವೆ ಮುರಿಯಿತು ಅಂದುಕೊಂಡೆ.

ನಮ್ಮಜ್ಜಿ ಮಾತ್ರ ಹೊರಗೆ ಹೋದಳು. ಹಿಂದೆಯೇ ನಾನೂ ಹೋದೆ. ಮಾಚಯ್ಯನವರು ಪೇಟ ಕೈಲಿ ಹಿಡಿದು, ತಪ್ಪು ಮಾಡಿದ ಶಾಲೆಯ ಹುಡುಗನ ಹಾಗೆ ಚಪ್ಪರದ ಹೊರಗೆ ನಿಂತಿದ್ದರು. ಅಜ್ಜಿ ಅವರನ್ನು ಮೇಲಿಂದ ಕೆಳಗೆ ನೋಡಿದಳು.

"ಆಗಿದ್ದಾಗೋಯ್ತು. ಕಡ್ದಿರೋ ಕೈಲೇ ನೆಟ್ಬುಡಿ. ಇತ್ಲಲ್ಲಿ ಬಾಳೆ ಅವೆ, ಬನ್ನಿ."

ಆ ಎತ್ತರದ ಮನುಷ್ಯ ಅಜ್ಜಿಯ ಹಿಂದೆ ಹಿತ್ತಲಿಗೆ ನಡೆದರು. ಕಪ್ಪಂಗಿಯನ್ನು ಮೇಲೆತ್ತಿ ಸೊಂಟಕ್ಕೆ ಸಿಕ್ಕಿಸಿ, ಗುದ್ದಲಿ ಹಿಡಿದು, ಬೇರು ಸಮೇತ ಮೂರು ಬಾಳೆ ಎಬ್ಬಿಸಿದರು. ಗಂಡಿನ ಕಡೆಯವರು ಮೂವರು ಮಣ್ಣು ಹೊತ್ತರು, ನಮ್ಮಪ್ಪ ನೀರು ಹೊತ್ತರು. ಒಂದೊಂದನ್ನೇ ಹೆಗಲ ಮೇಲೆ ಹೊತ್ತು ಮಾಚಯ್ಯನವರು ಓಣಿ ಸುತ್ತಿ ಬೀದಿಗೆ ಬರುವಾಗ ಇಡೀ ಪೇಟೆ ನೋಡುತ್ತಿತ್ತು. ಹಾಲಿನಂಥ ಮೀಸೆಯ ತುಂಬ ಕೆಸರು. ಗುಂಡಿ ತೋಡಿ ಮೊದಲನೆಯದನ್ನು ನಿಲ್ಲಿಸಿದರು. ಅವಸರಕ್ಕೆ ಅದು ಪಕ್ಕಕ್ಕೆ ವಾಲಿತು. ಎಳೆದು ನಿಲ್ಲಿಸಿದರೆ ಆ ಕಡೆ ವಾಲಿತು.

ಪೂಜೆಕೋಣೆಗೆ ಬೀದಿಯ ಕಡೆ ಒಂದು ಗೇಣಗಲದ ಕಿಟಕಿ ಇತ್ತು. ಅದರಿಂದ ದನಿ ಬಂತು. "ಅಂಗಲ್ಲ."

ಎಲ್ಲರೂ ತಿರುಗಿದೆವು. "ಬುಡ ಒಳೀಕೆ ತಳ್ಳಿ. ಇನ್ನೂ. ಅಯ್ಯೋ, ಅಂಗಲ್ಲ ಕಣ್ರೀ."

ಅಗುಳಿ ತೆಗೆದ ಸದ್ದಾಯಿತು. ಸೊಟ್ಟಗೆ ಜೋಡಿಸಿದ ಒಂದು ತಂಬಿಗೆಯನ್ನೂ ಅಂಗಡಿಯಲ್ಲಿ ಸಹಿಸದ ಮನುಷ್ಯ ನಮ್ಮ ತಾತ. ದಡದಡ ಬಂದವರೇ ಬಾಳೆಯನ್ನು ಎರಡು ಕೈಯಲ್ಲಿ ಹಿಡಿದು ನೆಟ್ಟಗೆ ನಿಲ್ಲಿಸಿದರು. ಮಾಚಯ್ಯನವರು ಬರಿಗಾಲಲ್ಲಿ ಬುಡ ತುಳಿದರು. ಇಬ್ಬರೂ ಸೇರಿ ಮೂರನ್ನೂ ನೆಟ್ಟರು. ಆಮೇಲೆ ಮಾಚಯ್ಯ, ತಪ್ಪಾಯಿತು, ನಿಮ್ಮ ಮನೆಗೆ ಗೌರವ ಅಂತ ಕಡಿದದ್ದು ಅಂದರು.

ತಾತ ಕೈಯ ಮಣ್ಣು ಉದುರಿಸಿಕೊಂಡು, ಬಿದ್ದಿದ್ದ ಕಂಬದ ಕಡಿದ ಜಾಗವನ್ನು ಬೆರಳಿನಿಂದ ಸವರಿ ನೋಡಿದರು.

"ಒಂದೇ ಏಟ್ಗೆ ಕಡ್ದಿದೀರಲ್ಲಾ," ಅಂದರು. "ಎಷ್ಟ್ ವರ್ಷದ ಅಭ್ಯಾಸ ನಿಮ್ದು?"

ಮಾಚಯ್ಯನವರಿಗೆ ನಗಬೇಕೋ ಬೇಡವೋ ತಿಳಿಯಲಿಲ್ಲ. ತಾತನೇ ಮೊದಲು ನಕ್ಕರು. ಓಲಗದವನು ಯಾರೂ ಹೇಳದೆ ಊದತೊಡಗಿದ. ತಾತ ಒಳಗೆ ತಿರುಗಿ, "ಬಾರವ್ವ ಗಿರಿಜಾ, ಒತ್ತಾಯ್ತು," ಅಂತ ಕರೆದಾಗ ನನಗೆ ಬಂದ ಅಳುವನ್ನು ಈಗಲೂ ಹೇಳಲಾರೆ. ಆ ಕ್ಷಣದ ನಿರಾಳ ನನ್ನ ಮದುವೆಯಲ್ಲೂ ಆಗಲಿಲ್ಲ, ನನ್ನ ಹೆರಿಗೆಯಲ್ಲೂ ಆಗಲಿಲ್ಲ.

ಧಾರೆ ಮುಹೂರ್ತಕ್ಕೆ ಸರಿಯಾಗಿ ನಡೆಯಿತು. ತಾತನ ಉಗುರಲ್ಲಿ ಇನ್ನೂ ಕೆಸರಿತ್ತು. ಅವರ ಹಿರಿಯರೆಲ್ಲ ಸಾಲಾಗಿ ಬಂದು ಅಕ್ಕಿ ಹಾಕಿ, ಹಾಲು ಕುಡಿಸಿ ಹರಸಿದರು. ಚನ್ನರಾಯಪಟ್ಟಣದ ದೊಡ್ಡತಾತನೂ, ಎಲ್ಲರೂ ನೋಡುತ್ತಾರಲ್ಲ ಅಂತ, ಎದ್ದು ನಾಲ್ಕು ಕಾಳು ಹಾಕಿದರು. ಬಿದ್ದ ಬಾಳೆಕಾಯಿ ಪಲ್ಯವಾಯಿತು. ಮಾಚಯ್ಯನವರು ತುಪ್ಪ ಸುರಿಸಿಕೊಂಡು ಎಂಟು ಒಬ್ಬಟ್ಟು ತಿಂದರು. ಅಜ್ಜಿ ಒಂಬತ್ತನೆಯದನ್ನು ಎಲೆಗೆ ಹಾಕಿ, ಉಪವಾಸ ಚೆನ್ನಾಗಿ ಆಗಲಿ ಅಂದಳು. ನನಗೆ ತಾತ ಬೈಯಲಿಲ್ಲ. ಊಟಕ್ಕೆ ಪಕ್ಕದಲ್ಲಿ ಕೂರಿಸಿಕೊಂಡು, ಇನ್ಮೇಲೆ ಏನಿದ್ದರೂ ಮೊದಲು ನನಗೆ ಹೇಳು ಅಂತ ಮೆಲ್ಲಗೆ ಹೇಳಿದರು, ಅಷ್ಟೇ.

ಆ ಮದುವೆಯಲ್ಲಿ ಕೂತ, ನಿಂತ, ಕೈಕಟ್ಟಿಕೊಂಡ ದೊಡ್ಡವರು ಯಾರೂ ಈಗಿಲ್ಲ. ಗಿರಿಜತ್ತೆ, ಮೇಷ್ಟ್ರು ನಲವತ್ತಕ್ಕೂ ಹೆಚ್ಚು ವರ್ಷ ಚೆನ್ನಾಗಿ ಬಾಳಿದರು.

ಹೋದ ವರ್ಷ ನನ್ನ ತಮ್ಮನ ಮೊಮ್ಮಗಳ ಮದುವೆ ಹಾಸನದ ದೊಡ್ಡ ಕಲ್ಯಾಣಮಂಟಪದಲ್ಲಾಯಿತು. ಗಂಡಿನವರು ಉತ್ತರದ ಕಡೆಯವರು. ಎರಡೂ ಕಡೆಯ ಶಾಸ್ತ್ರಗಳು ಒಂದೂ ಬಿಡದೆ, ಗಂಟೆ ನಿಮಿಷದ ಸಮೇತ ಅಚ್ಚು ಹಾಕಿಸಿದ್ದ ಪ್ರಕಾರ ನಡೆದವು. ಮಾಡಿಸುವುದಕ್ಕೆ ದುಡ್ಡು ಕೊಟ್ಟು ಕರೆಸಿದ, ಒಂದೇ ಬಣ್ಣದ ಅಂಗಿ ತೊಟ್ಟ ಹುಡುಗರಿದ್ದರು. ಒಂದು ತಪ್ಪೂ ಆಗಲಿಲ್ಲ. ಯಾರೂ ಕೋಪಿಸಿಕೊಳ್ಳಲಿಲ್ಲ. ಯಾರೂ ಯಾರನ್ನೂ ಕರೆಯಲು ಬಾಗಿಲಿಗೆ ಹೋಗಬೇಕಾಗಲಿಲ್ಲ. ಊಟವೂ ರುಚಿಯಾಗಿತ್ತು. ಕೈ ತೊಳೆಯುವಾಗ ಪಕ್ಕದಲ್ಲಿದ್ದ ನನ್ನ ತಮ್ಮನ ಹೆಂಡತಿಯನ್ನು, ಹೆಣ್ಣಿನ ಅಜ್ಜಿಯನ್ನೇ, ಕೇಳಿದೆ, ಗಂಡಿನ ತಾಯಿ ಯಾರು, ಒಂದು ಸಲ ಮಾತಾಡಿಸಿ ಹೋಗುತ್ತೇನೆ ಅಂತ. ಅವಳು ಸೆರಗಿಗೆ ಕೈ ಒರೆಸಿಕೊಂಡು ಸುತ್ತ ನೋಡಿದಳು. ಅವಳಿಗೂ ಗುರುತು ಸಿಗಲಿಲ್ಲ.