ತಮ್ಮನ ಟವೆಲ್ಲು, ಚನ್ನೇಶನ ಕರಿ ಕಾರು

ಪೆನ್ನು ಕೆಳಗಿಡಬೇಡ ಕಣೇ ನಂದಿತಾ, ಇನ್ನೂ ಚನ್ನೇಶನ ವಿಷಯಕ್ಕೇ ಬಂದಿಲ್ಲ. ಎಲ್ಲಿದ್ದೆ? ಹಾಂ, ಹೇಸಿಗೆ. ಹಸುವಿನ ಗಾಯದಲ್ಲಿ ಹುಳ ತೆಗೆದವಳು ನಾನು. ಆಗ್ಲೂ ಅಸಹ್ಯ ಆಗಿರಲಿಲ್ಲ. ನಿಮ್ಮ ಪರಮಶಿವಯ್ಯ ತಾತನ ಹೆಗಲ ಮೇಲಿನ ಟವೆಲ್ ಕಂಡ್ರೆ ಮಾತ್ರ ಮಾರು ದೂರ ಸರೀತೀನಿ. ನನ್ನ ಒಡಹುಟ್ಟಿದ ತಮ್ಮ, ಏನು ಹೇಳ್ಲಿ! ಎಲೆಅಡಿಕೆ ಬಾಯಿ ಒರೆಸೋದು ಅದ್ರಲ್ಲೇ, ಮೂಗು ಅದ್ರಲ್ಲೇ, ಊಟದ ಟೇಬಲ್ಲೂ ಅದ್ರಲ್ಲೇ. ಥೂ.

ಚನ್ನೇಶ ಅಂದ್ರೆ ನಮ್ಮ ಬಟವಾಡಿ ಬಡಾವಣೆ ಮನೆ ಹಿಂದಿನ ರೂಮಿನ ಬಾಡಿಗೆಯವನು, ಹುಲಿಯೂರುದುರ್ಗದವನು. ಹದಿನೈದು ವರ್ಷ ಕಂಡೋರ ಲಾರಿ ಓಡಿಸಿದ. ಈಗ ಸ್ವಂತಕ್ಕೆ ಒಂದು ಕರಿ ಕಾರು ತಗೊಂಡಿದಾನೆ. ಮದುವೆಗಳಿಗೆ ಓಡಿಸ್ಬೇಕು ಅಂತ ಆಸೆ. ಆರು ತಿಂಗಳಾದ್ರೂ ಒಂದು ಮದುವೆ ಸಿಕ್ಕಿರಲಿಲ್ಲ. ಹೋದ ಸೋಮವಾರ ಗುಬ್ಬಿಯಿಂದ ರಂಗನಾಥ್ ಅನ್ನೋರು, ಮದುವೆ ಹೆಣ್ಣಿನ ಅಪ್ಪ, ಕಾರು ನೋಡೋಕೆ ಬರ್ತೀನಿ ಅಂದಿದ್ರು. ಗೀರಿದ್ರೆ ಬೇಡ ಅಂತ ಮೊದ್ಲೇ ಹೇಳಿದ್ರಂತೆ.

ಅವನು ಕಾರಿನ ಧೂಳು ತೆಗೆಯೋದು ನೋಡ್ಬೇಕು ನೀನು. ಒಣ ಬಟ್ಟೆ ಹಾಕಿ ಉಜ್ಜೋದೇ ಇಲ್ಲ. "ಧೂಳು ಅಂದ್ರೆ ಮರಳು ಕಣಜ್ಜಿ, ಒತ್ತಿದ್ರೆ ಗೀರುತ್ತೆ" ಅಂತಾನೆ. ಮೊದಲು ಮೇಲಿಂದ ನೀರು ಹರಿಸ್ತಾನೆ. ಆಮೇಲೆ ಮೆತ್ತನೆ ಬಟ್ಟೆ ಒದ್ದೆ ಮಾಡಿ, ಒತ್ತದೆ, ಒಂದೇ ದಿಕ್ಕಿಗೆ ಎಳೀತಾನೆ. ಒಂದು ಸಲ ಎಳೆದ್ರೆ ಮಡಿಕೆ ಬದಲಾಯಿಸ್ತಾನೆ. ಬಟ್ಟೆ ಕೆಳಗೆ ಬಿತ್ತೋ, ಆವತ್ತು ಅದನ್ನ ಮುಟ್ಟಲ್ಲ. ನನ್ನ ಸೊಸೆಯಂದಿರು ಪಾತ್ರೆಗೂ ಅಷ್ಟು ಮಾಡಲ್ಲ. ಇರ್ಲಿ ಬಿಡು, ಅದನ್ನ ಬರೀಬೇಡ.

ಆ ಬೆಳಗ್ಗೆ ಕುಣಿಗಲ್ ರಸ್ತೆ ಧೂಳು ಕಾರಿನ ಮೇಲೆ ತೆಳ್ಳಗೆ ಕೂತಿತ್ತು. ಚನ್ನೇಶ ನೀರು ತರೋಕೆ ಒಳಗೆ ಹೋದ. ಅಷ್ಟರಲ್ಲಿ ನನ್ನ ತಮ್ಮ ಪೂಜೆ ಮುಗಿಸಿ ಬಂದ. ಸೋಮವಾರ, ಒಳ್ಳೇ ಕೆಲಸಕ್ಕೆ ಹೊರಟಿರೋ ಗಾಡಿ, ವಿಭೂತಿ ಬೇಡ್ವಾ ಅಂತ ಅವನ ಲೆಕ್ಕ. ವಿಭೂತಿ ಗಟ್ಟಿ ಒಣಗಿತ್ತು. ಏನು ಮಾಡ್ದ ಗೊತ್ತಾ? ಮೂರು ಬೆರಳಿಗೆ ಉಗುಳು ಹಚ್ಕೊಂಡು ತೇಯ್ದು ಬಾನೆಟ್ ಮೇಲೆ ಎಳೆದ! ಎಲೆಅಡಿಕೆ ಉಗುಳು! ಶಿವಶಿವಾ, ದೇವರಿಗೂ ಎಂಜಲೇ? ಪಟ್ಟೆ ಕೆಂಪಗಾಗಿ ಸೊಟ್ಟಗಾಯ್ತು. ಒರೆಸಿ ಇನ್ನೊಂದು ಹಾಕೋಣ ಅಂತ ಆ ಟವೆಲ್ ತೆಗೆದು ಗರ್ ಅಂತ ಉಜ್ಜಿದ.

"ಬುಡ್ಲಾ ಅದನ್ನ!" ಅಂತ ಕೂಗಿದೆ.

"ಧೂಳು ಒರೆಸ್ತಿವ್ನಿ ಕಣಕ್ಕಯ್ಯ, ಪುಣ್ಯದ ಕೆಲ್ಸ."

"ಪುಣ್ಯ ಅಲ್ಲ, ಗಬ್ಬು! ಕೈ ತೆಗಿ!"

ಚನ್ನೇಶ ಬಂದು ನೋಡಿದ. ಮುಖ ಸುಣ್ಣ ಆಯ್ತು. ತಂದಿದ್ದ ನೀರು ಹರಿಸಿದ. ಕೆಂಪು ಬೂದಿ ಇಳಿದು ನಮ್ಮ ರಂಗೋಲಿ ಮೇಲೆ ಹರೀತು, ಥೂ. ಮೆತ್ತನೆ ಬಟ್ಟೆ ಎಳೆದ. ಕೊಳೆ ಹೋಯ್ತು, ಕೂದಲೆಳೆಯಂಥ ನಾಕು ಗೀರು ಉಳಿದ್ವು.

ಅಷ್ಟರಲ್ಲಿ ರಂಗನಾಥ್ ಬಂದೇ ಬಿಟ್ರು. ಬಗ್ಗಿ, ಬೆರಳಿಟ್ಟು ನೋಡಿದ್ರು. "ಇದೇನ್ರೀ ಗೀರು?"

"ಈಗ ತಾನೇ ಆಯ್ತು ಸಾರ್. ಧೂಳಿದ್ದಾಗ ಒಣ ಬಟ್ಟೆ ಬಿತ್ತು. ನಾನು ನೋಡ್ಕೋಬೇಕಿತ್ತು" ಅಂದ ಚನ್ನೇಶ. ನನ್ನ ತಮ್ಮನ ಹೆಸರು ಎತ್ತಲಿಲ್ಲ ನೋಡು.

ಇವನು ಸುಮ್ನಿರಬೇಕಲ್ಲ? "ನಾನೇ ವಿಭೂತಿ ಹಚ್ಚಿದ್ದು ಸ್ವಾಮಿ. ನೀರಿರ್ಲಿಲ್ಲ, ಬಾಯಲ್ಲೇ ನೆನೆಸ್ಕಂಡೆ" ಅಂತ ಹಲ್ಲು ಕಿರಿದ.

ರಂಗನಾಥ್ ತಮ್ಮ ಬೆರಳು ನೋಡ್ಕೊಂಡ್ರು. ನಲ್ಲಿ ಎಲ್ಲಿದೆ ಅಂದ್ರು. ಮೂರು ಸಲ ಸೋಪು ಹಾಕಿ ತೊಳೆದು ಬಂದು, "ಬಾನೆಟ್ ಮೇಲೆ ಹೇಗೂ ಹೂವು ಬರುತ್ತೆ, ಗೀರು ಕಾಣಲ್ಲ. ನಿಜ ಹೇಳಿದ್ರಿ, ನಿಮ್ಮ ಕಾರೇ ಇರ್ಲಿ. ಆದ್ರೆ ಚನ್ನೇಶ್, ಮದುವೆ ದಿನ ಈ ಯಜಮಾನ್ರು ಕಾರಿನ ಹತ್ರ ಸುಳೀಬಾರ್ದು" ಅಂದ್ರು.

ಬರೋ ಭಾನುವಾರ ಮದುವೆ. ಟವೆಲ್ ಮಾತ್ರ ಇನ್ನೂ ಆ ಕಿಟಕಿ ಸರಳಿಗೆ ನೇತಾಡ್ತಿದೆ. ಬರೆದದ್ದು ಸಾಕು, ಏಳು. ನಿಮ್ಮ ಪರಮಶಿವಯ್ಯ ತಾತ ನಿದ್ದೆ ಮಾಡ್ತಿದಾನೆ, ಕಸದ ಗಾಡಿ ಹಾಡು ಕೇಳಿಸ್ತಿದೆ. ಒಲೆ ಹತ್ರ ಹಳೇ ಇಕ್ಕಳ ಇದೆ, ಆ ಟವೆಲ್ ಅದ್ರಲ್ಲಿ ಹಿಡ್ಕೊಂಡು ಹೋಗಿ ಗಾಡಿಗೆ ಹಾಕ್ಬಾ. ಕೈಯಲ್ಲಿ ಮುಟ್ಟೀಯ, ಹುಷಾರು. ಇಕ್ಕಳನೂ ಅದ್ರ ಜೊತೇಲೇ ಹಾಕ್ಬಿಡು.